ಮನೆಯ ಗಣಕಯಂತ್ರಕ್ಕೆ ಫೈರ್‌ವಾಲ್: ಕೊಳ್ಳುವುದಕ್ಕೆ ಮುನ್ನ

ಪುಣೆ ನಗರದ ಪಶ್ಚಿಮಕ್ಕೆ, ಮುಳಶಿ ತಾಲ್ಲೂಕಿನ ಹೊಲಗದ್ದೆಗಳ ನಡುವೆ ಒಂದು ಸಾಮಾನ್ಯ ಹಳ್ಳಿಯಾಗಿದ್ದ ಹಿಂಜವಾಡಿಯು ಇಂದು ರಾಜೀವ ಗಾಂಧಿ ಮಾಹಿತಿ ತಂತ್ರಜ್ಞಾನ ಉದ್ಯಾನದ ನಿಮಿತ್ತ ದೇಶವಿದೇಶಗಳಲ್ಲಿ ಪರಿಚಿತವಾಗಿದೆ. ಬೆಳಗಾವಿ, ಧಾರವಾಡ, ವಿಜಯಪುರ, ಕಲಬುರಗಿ ಮೊದಲಾದ ಕಡೆಗಳಿಂದ ಉದ್ಯೋಗಾರ್ಥವಾಗಿ ಬಂದ ಎಷ್ಟೋ ಕನ್ನಡ ಕುಟುಂಬಗಳು ಇಲ್ಲಿಯೂ ನೆರೆಯ ವಾಕಡ, ಮಾಣ, ಮಾರುಂಜಿಗಳಲ್ಲಿಯೂ ನೆಲೆಸಿವೆ. ಈ ಮನೆಗಳ ದುಡಿಯುವ ಮಂದಿಯಲ್ಲಿ ಅನೇಕರು ಹಗಲೆಲ್ಲ ಪರದೇಶದ ಬ್ಯಾಂಕುಗಳ, ವಿಮಾ ಕಂಪನಿಗಳ ಗಣಕಜಾಲಗಳನ್ನು ಕಾಯುವವರು. ಆದರೆ ಅವರದೇ ಮನೆಯ ಗೋಡೆಗೆ ತೂಗುಹಾಕಿದ ರೂಟರಿನ ಪಾಸ್‌ವರ್ಡು, ಅದನ್ನು ಜೋಡಿಸಲು ಬಂದ ಹುಡುಗನು ಬಿಟ್ಟುಹೋದ ‘ಅಡ್ಮಿನ್’ ಎಂಬ ಪದವೇ ಆಗಿರುವುದು ಅಪರೂಪವಲ್ಲ. ದೀಪದ ಬುಡದಲ್ಲಿ ಕತ್ತಲೆಯೆಂದು ಹಿರಿಯರು ಸುಮ್ಮನೆ ಹೇಳಲಿಲ್ಲ.

ಇದಕ್ಕೆ ಅಲಕ್ಷ್ಯವೊಂದೇ ಕಾರಣವೆನ್ನಲಾಗದು. ಕಚೇರಿಯಲ್ಲಿ ಕಾವಲಿಗೆಂದೇ ಪ್ರತ್ಯೇಕ ವಿಭಾಗವಿರುತ್ತದೆ. ಮನೆಯಲ್ಲಿ ಆ ಕೆಲಸವು ಯಾರ ಪಾಲಿಗೂ ಬಂದಿರುವುದಿಲ್ಲ. 2020ರ ಮಾರ್ಚ್ ತಿಂಗಳಲ್ಲಿ ಮಹಾಮಾರಿಯ ನಿಮಿತ್ತ ಇಲ್ಲಿಯ ಕಚೇರಿಗಳು ಬರಿದಾಗಿ ಕೆಲಸವೆಲ್ಲ ಮನೆಮನೆಗೆ ಸ್ಥಳಾಂತರಗೊಂಡಾಗ ಈ ಕೊರತೆಯು ಎದ್ದುಕಂಡಿತು. ಇಂಥದೊಂದು ಮನೆಯನ್ನು ಉದಾಹರಣೆಗಾಗಿ ಊಹಿಸಿಕೊಳ್ಳಬಹುದು. ಮಗನು ಕಂಪನಿಯ ಲ್ಯಾಪ್‌ಟಾಪಿನಲ್ಲಿ ಕೆಲಸಮಾಡುತ್ತಾನೆ. ಸೊಸೆಯು ಇನ್ನೊಂದು ಗಣಕದಲ್ಲಿ ಆದಾಯ ತೆರಿಗೆಯ ಲೆಕ್ಕಪತ್ರಗಳನ್ನು ಇಟ್ಟಿದ್ದಾಳೆ. ಮೊಮ್ಮಗನಿಗೆ ಆಟದ ಯಂತ್ರವಿದೆ. ಹಜಾರದಲ್ಲಿ ಟೀವಿ, ಬಾಗಿಲಿಗೆ ಕ್ಯಾಮರಾ. ಧಾರವಾಡದ ಶಾಲೆಯೊಂದರಿಂದ ನಿವೃತ್ತರಾಗಿ ಮಗನ ಮನೆಗೆ ಬಂದಿರುವ ಅಜ್ಜನವರು ಒಂದು ಹಳೆಯ ಗಣಕದಲ್ಲಿ ತಮ್ಮ ಠೇವಣಿಗಳ ಬಡ್ಡಿಯನ್ನು ನೋಡುತ್ತಾರೆ. ಇವೆಲ್ಲವೂ ಒಂದೇ ರೂಟರಿಗೆ ಸೇರಿವೆ. ಇವುಗಳಲ್ಲಿ ಯಾವುದೊಂದು ಅನ್ಯರ ವಶವಾದರೂ ಉಳಿದವುಗಳ ಪಾಲಿಗೆ ಶತ್ರುವು ಹೊರಗಿನವನಾಗಿ ಉಳಿಯುವುದಿಲ್ಲ, ಪಡಸಾಲೆಯಲ್ಲಿಯೇ ಕುಳಿತಿರುತ್ತಾನೆ. ಮೂವತ್ತು ವರ್ಷದ ನೌಕರಿಯ ಉಳಿತಾಯವೂ ಮಗನ ಉದ್ಯೋಗದ ವಿಶ್ವಾಸಾರ್ಹತೆಯೂ ಹೀಗೆ ಸಾವಿರ ರೂಪಾಯಿಯ ಒಂದು ಕ್ಯಾಮರಾದ ನಂಬಿಕೆಯ ಮೇಲೆ ನಿಲ್ಲುತ್ತವೆ.

ಈ ಮನೆಯವರು ಯಾವ ಫೈರ್‌ವಾಲನ್ನು ಕೊಳ್ಳಬೇಕು ಎಂಬುದು ಸಾಮಾನ್ಯವಾಗಿ ಕೇಳುವ ಪ್ರಶ್ನೆ. ಅದಕ್ಕೆ ಉತ್ತರ ಹೇಳುವ ಮುನ್ನ, ಕೊಂಡ ಕಾವಲು ಎರಡು ಈಗಾಗಲೇ ಮನೆಯಲ್ಲಿದ್ದು ಅವು ಎಚ್ಚರವಾಗಿವೆಯೋ ನಿದ್ರಿಸುತ್ತಿವೆಯೋ ಎಂಬುದನ್ನು ನೋಡಬೇಕಾಗುತ್ತದೆ.

ಗೋಡೆಯ ಕೆಲಸ

ಫೈರ್‌ವಾಲ್ ಎಂಬ ಪದವು ಕಟ್ಟಡ ಕಟ್ಟುವವರಿಂದ ಬಂದುದು. ಸಾಲುಮನೆಗಳಲ್ಲಿ ಒಂದಕ್ಕೆ ಬೆಂಕಿ ತಗಲಿದರೆ ಇನ್ನೊಂದಕ್ಕೆ ಹಬ್ಬದಂತೆ ನಡುವೆ ಎತ್ತುವ ಗೋಡೆಗೆ ಆ ಹೆಸರು. ಗಣಕಜಾಲಗಳಿಗೆ ಇಂಥ ಗೋಡೆಯ ಅವಶ್ಯಕತೆಯು ಚೆನ್ನಾಗಿ ಮನವರಿಕೆಯಾದುದು 1988ರ ನವೆಂಬರ್ 2ರಂದು. ಅಮೆರಿಕೆಯ ಒಬ್ಬ ವಿದ್ಯಾರ್ಥಿಯು ಹರಿಯಬಿಟ್ಟ, ‘ಮಾರಿಸ್ ಹುಳು’ ಎಂದು ಹೆಸರಾದ ಕ್ರಮವಿಧಿಯೊಂದು ತಾನೇ ತಾನಾಗಿ ಯಂತ್ರದಿಂದ ಯಂತ್ರಕ್ಕೆ ಹಬ್ಬಿ ಸಾವಿರಾರು ಗಣಕಗಳನ್ನು ಸ್ತಬ್ಧಗೊಳಿಸಿತು.

ಗೋಡೆಯು ಮಾಡುವ ಕೆಲಸವನ್ನು ಬ್ಯಾಂಕಿನ ಶಾಖೆಯ ಹೋಲಿಕೆಯಿಂದ ತಿಳಿಯುವುದು ಸುಲಭ. ಜಾಲಕ್ಕೆ ಸೇರಿದ ಪ್ರತಿಯೊಂದು ಗಣಕಕ್ಕೂ ಒಂದು ವಿಳಾಸವಿರುತ್ತದೆ. ಆ ವಿಳಾಸದಲ್ಲಿ ‘ಪೋರ್ಟ್’ ಎಂದು ಕರೆಯುವ, ಸಂಖ್ಯೆ ಹಚ್ಚಿದ 65,536 ಕೌಂಟರುಗಳಿರುತ್ತವೆ. ಜಾಲತಾಣಗಳ ಸುರಕ್ಷಿತ ವ್ಯವಹಾರಕ್ಕೆ 443, ವಿಂಡೋಸ್ ಯಂತ್ರಗಳ ಕಡತ ಹಂಚಿಕೆಗೆ 445, ದೂರದಿಂದ ಯಂತ್ರವನ್ನು ನಡೆಸುವುದಕ್ಕೆ 3389 ಎಂದು ಒಂದೊಂದಕ್ಕೂ ಒಂದೊಂದು ಕೆಲಸ. ಮನೆಯ ಗಣಕಕ್ಕೆ ಹೊರಗಿನವರಿಗಾಗಿ ಇವುಗಳಲ್ಲಿ ಒಂದನ್ನೂ ತೆರೆದಿಡಬೇಕಾದ ಕಾರಣ ಸಾಮಾನ್ಯವಾಗಿ ಇರುವುದಿಲ್ಲ. ಆದರೂ ಹೊರಗಿನ ಕಳ್ಳಯಂತ್ರಗಳು ಹಗಲಿರುಳೆನ್ನದೆ ಒಂದೊಂದೇ ವಿಳಾಸಕ್ಕೆ ಬಂದು ಒಂದೊಂದೇ ಕೌಂಟರನ್ನು ತಟ್ಟಿನೋಡುತ್ತಿರುತ್ತವೆ. ಇವರಿಗೆ ಯಾರ ಮೇಲೂ ವೈಯಕ್ತಿಕ ದ್ವೇಷವಿಲ್ಲ. ಯಾವ ಬಾಗಿಲು ತೆರೆದಿದೆಯೋ ಅದೇ ಅವರ ಮನೆ.

ಹಾಗಾದರೆ ಒಳಗಿನವರು ಕೇಳಿದ ಪುಟವು ಹೊರಗಿನಿಂದ ಒಳಕ್ಕೆ ಬರುವುದು ಹೇಗೆ? ಹಿಂದೆ ಬ್ಯಾಂಕಿನಲ್ಲಿ ಚೆಕ್ಕು ಕೊಟ್ಟವರಿಗೆ ಹಿತ್ತಾಳೆಯ ಟೋಕನ್ ಕೊಡುತ್ತಿದ್ದುದು ಹಿರಿಯರಿಗೆ ನೆನಪಿರಬಹುದು. ಟೋಕನ್ ಇಲ್ಲದವನು ಕ್ಯಾಷ್ ಕೌಂಟರಿನ ಮುಂದೆ ಎಷ್ಟು ಹೊತ್ತು ನಿಂತರೂ ಹಣ ದೊರೆಯುತ್ತಿರಲಿಲ್ಲ. ಇಂದಿನ ಫೈರ್‌ವಾಲುಗಳ ಕ್ರಮವೂ ಅದೇ. ಒಳಗಿನ ಯಂತ್ರವು ಯಾರಿಗೆ, ಯಾವ ಕೌಂಟರಿಗೆ ಕೋರಿಕೆ ಕಳುಹಿಸಿತೆಂಬುದನ್ನು ಅವು ನೆನಪಿನಲ್ಲಿಟ್ಟುಕೊಳ್ಳುತ್ತವೆ. ಆ ಕೋರಿಕೆಗೆ ಬಂದ ಮರುತ್ತರವನ್ನು ಮಾತ್ರ ಒಳಗೆ ಬಿಡುತ್ತವೆ. ಕರೆಯದೆ ಬಂದುದನ್ನು ಬಾಗಿಲಲ್ಲಿಯೇ ತಳ್ಳಿಹಾಕುತ್ತವೆ. ಇಷ್ಟನ್ನು ಮಾಡುವ ಯಾವ ಫೈರ್‌ವಾಲೇ ಆಗಲಿ ಮನೆಯ ಮಟ್ಟಿಗೆ ಮುಖ್ಯವಾದ ಕೆಲಸವನ್ನು ಮಾಡಿದಂತೆಯೇ.

ಇದ್ದೂ ಇಲ್ಲದ ಗೋಡೆ

2003ರ ಆಗಸ್ಟ್ ತಿಂಗಳು ಗಣಕ ಬಳಸುತ್ತಿದ್ದವರಿಗೆ ಒಂದು ವಿಚಿತ್ರ ದೃಶ್ಯವು ನೆನಪಿರಬಹುದು. ವಿಂಡೋಸ್ ಎಕ್ಸ್‌ಪಿ ಯಂತ್ರವನ್ನು ಅಂತರಜಾಲಕ್ಕೆ ಜೋಡಿಸಿದ ಸ್ವಲ್ಪ ಹೊತ್ತಿನಲ್ಲಿಯೇ ಪರದೆಯ ಮೇಲೆ ಅರವತ್ತು ಸೆಕೆಂಡುಗಳ ಗಡುವು ಮೂಡಿ, ಎಣಿಕೆ ಮುಗಿಯುತ್ತಲೇ ಯಂತ್ರವು ತಾನಾಗಿ ನಿಂತು ಮತ್ತೆ ಆರಂಭವಾಗುತ್ತಿತ್ತು. ಅದು ಬ್ಲಾಸ್ಟರ್ ಎಂಬ ಹುಳುವಿನ ಕೃತ್ಯ. ಬಳಸುವವನು ಯಾವ ತಪ್ಪನ್ನೂ ಮಾಡಿರಬೇಕಾಗಿರಲಿಲ್ಲ. 135ನೆಯ ಪೋರ್ಟು ತೆರೆದಿದ್ದರೆ ಸಾಕಾಗಿತ್ತು. ಇದರಲ್ಲಿ ಖೇದಕರವಾದ ಸಂಗತಿಯೆಂದರೆ, ದೋಷವನ್ನು ಸರಿಪಡಿಸುವ ತೇಪೆಯನ್ನು ಮೈಕ್ರೋಸಾಫ್ಟ್ ಸಂಸ್ಥೆಯು ಅದೇ ಜುಲೈ 16ರಂದೇ ಹೊರಡಿಸಿತ್ತು. ಮೇಲಾಗಿ ಎಕ್ಸ್‌ಪಿಯೊಳಗೆ ಫೈರ್‌ವಾಲು ಮೊದಲಿನಿಂದಲೂ ಇತ್ತು. ಇದ್ದರೂ ಅದನ್ನು ಚಾಲೂ ಮಾಡಿರಲಿಲ್ಲ. 2004ರ ಆಗಸ್ಟಿನಲ್ಲಿ ಬಂದ ಎರಡನೆಯ ಸರ್ವಿಸ್ ಪ್ಯಾಕಿನಿಂದ ಮುಂದಕ್ಕೆ ಫೈರ್‌ವಾಲು ತಾನಾಗಿಯೇ ಚಾಲೂ ಆಗಿರುವ ಪದ್ಧತಿ ಬಂತು.

2017ರ ಮೇ 12ರಂದು ಹಬ್ಬಿದ ವಾನಾಕ್ರೈ ಎಂಬ ಹುಳುವಿನ ಕಥೆಯೂ ಇದರ ಪುನರಾವೃತ್ತಿಯೇ. ಅದು 445ನೆಯ ಪೋರ್ಟಿನಿಂದ ನುಗ್ಗಿ, ಕಡತಗಳಿಗೆ ಬೀಗ ಜಡಿದು ಹಣ ಕೇಳಿತು. ತೇಪೆಯು ಮಾರ್ಚ್ 14ರಂದೇ ಲಭ್ಯವಿತ್ತು. ಒಮ್ಮೆ ಒಂದು ಯಂತ್ರವು ಸೋಂಕಿಗೊಳಗಾದರೆ ಅದು ಅದೇ ಕಟ್ಟಡದ ಇತರ ಯಂತ್ರಗಳಿಗೂ ತಗಲುತ್ತಿದ್ದುದು ಇಲ್ಲಿ ಗಮನಿಸಬೇಕಾದ ಅಂಶ. ಹೆಬ್ಬಾಗಿಲಿನ ಕಾವಲುಗಾರನು ಕೋಣೆಯಿಂದ ಕೋಣೆಗೆ ಹಬ್ಬುವುದನ್ನು ತಡೆಯಲಾರನು. ಆದುದರಿಂದಲೇ ಮನೆಗೆ ಎರಡು ಗೋಡೆಗಳು ಬೇಕು: ರೂಟರಿನದು ಹೆಬ್ಬಾಗಿಲಿಗೆ, ಆಯಾ ಗಣಕದ್ದು ಆಯಾ ಕೋಣೆಗೆ. ಒಂದಿದೆಯೆಂದು ಇನ್ನೊಂದನ್ನು ಮುಚ್ಚುವುದು ತರವಲ್ಲ.

ಇನ್ನು ಕ್ಯಾಮರಾದ ವಿಷಯ. 2016ರಲ್ಲಿ ಮಿರಾಯ್ ಎಂಬ ಹುಳುವು ಗಣಕಗಳನ್ನು ಬಿಟ್ಟು ಮನೆಗಳ ಕ್ಯಾಮರಾ, ರೂಟರುಗಳನ್ನೇ ಹುಡುಕಿಕೊಂಡು ಹೊರಟಿತು. ಅದರ ಬಳಿ ಇದ್ದ ಆಯುಧವೆಂದರೆ ಕಾರ್ಖಾನೆಯವರು ಇಟ್ಟ ಹೆಸರು ಮತ್ತು ಪಾಸ್‌ವರ್ಡುಗಳ ಸುಮಾರು ಅರವತ್ತು ಜೋಡಿಗಳ ಒಂದು ಪಟ್ಟಿ ಮಾತ್ರ. ಅಷ್ಟರಿಂದಲೇ ಲಕ್ಷಗಟ್ಟಲೆ ಉಪಕರಣಗಳು ಅದರ ವಶವಾದವು. ಆ ವರ್ಷದ ಅಕ್ಟೋಬರ್ 21ರಂದು ಅವೆಲ್ಲವೂ ಏಕಕಾಲಕ್ಕೆ ಡಿನ್ ಎಂಬ ಅಮೆರಿಕನ್ ಸಂಸ್ಥೆಯ ಮೇಲೆ ಮುಗಿಬಿದ್ದುದರಿಂದ ಹೆಸರಾಂತ ಜಾಲತಾಣಗಳು ಕೆಲವು ಗಂಟೆಗಳ ಕಾಲ ಕಾಣದಾದವು. ಕ್ಯಾಮರಾದ ಒಡೆಯರಿಗೆ ಇದರ ಸುಳಿವೂ ಇರಲಿಲ್ಲ. ಅವರ ಕ್ಯಾಮರಾ ಎಂದಿನಂತೆ ಚಿತ್ರ ತೋರಿಸುತ್ತಲೇ ಇತ್ತು.

ಆಯ್ಕೆಯ ಪ್ರಶ್ನೆ

ಮೊದಲನೆಯದು, ಗಣಕದೊಳಗೇ ಇರುವ ಫೈರ್‌ವಾಲು. ವಿಂಡೋಸ್‌ನಲ್ಲಿ ಇದು ಚಾಲೂ ಆಗಿಯೇ ಬರುತ್ತದೆ. ಯಾವುದೋ ಆಟವೋ ಪ್ರಿಂಟರೋ ನಡೆಯಲಿಲ್ಲವೆಂದು ಯಾರಾದರೂ ಆರಿಸಿಟ್ಟಿರಬಹುದಾದ್ದರಿಂದ ಒಮ್ಮೆ ನೋಡಿಕೊಳ್ಳಬೇಕಷ್ಟೆ. ಆಪಲ್ ಗಣಕಗಳಲ್ಲಿ ಅದು ಸಾಮಾನ್ಯವಾಗಿ ಚಾಲೂ ಆಗಿರುವುದಿಲ್ಲ. ಸೆಟ್ಟಿಂಗ್ಸಿನ ನೆಟ್‌ವರ್ಕ್ ಭಾಗದಲ್ಲಿ ಚಾಲೂ ಮಾಡಿಕೊಳ್ಳಬೇಕು. ವಿಂಡೋಸ್ ಹೊಸದೊಂದು ಜಾಲಕ್ಕೆ ಸೇರುವಾಗ ಅದು ‘ಪಬ್ಲಿಕ್’ ಆಗಿರಬೇಕೋ ‘ಪ್ರೈವೇಟ್’ ಆಗಿರಬೇಕೋ ಎಂಬ ಆಯ್ಕೆಯಿರುತ್ತದೆ. ರೈಲು ನಿಲ್ದಾಣ, ಹೋಟೆಲು, ಪೇಯಿಂಗ್ ಗೆಸ್ಟ್ ವಸತಿಗೃಹ, ಇವೆಲ್ಲವೂ ಪಬ್ಲಿಕ್. ಹಿಂಜವಾಡಿಯ ವಸತಿಗೃಹಗಳಲ್ಲಿ ಒಂದೇ ವೈ-ಫೈಯನ್ನು ಪರಸ್ಪರ ಪರಿಚಯವಿಲ್ಲದ ನಲವತ್ತು ಜನ ಬಳಸುವ ಸಂದರ್ಭಗಳುಂಟು. ಅಲ್ಲಿ ಈ ಒಂದು ಆಯ್ಕೆಯೇ ಬಾಗಿಲಿಗೆ ಅಗುಳಿ ಹಾಕಿದಂತೆ.

ಎರಡನೆಯದು ರೂಟರು. ಮನೆಯ ಎಲ್ಲ ಯಂತ್ರಗಳೂ ಹೊರಗಿನ ಒಂದೇ ವಿಳಾಸದ ಹಿಂದೆ ಅಡಗಿರುವಂತೆ ಅದು ಏರ್ಪಾಡು ಮಾಡುವುದರಿಂದ, ಕರೆಯದೆ ಬಂದ ಪತ್ರವನ್ನು ಯಾರಿಗೆ ಕೊಡಬೇಕೆಂದು ತಿಳಿಯದೆ ಬಿಸಾಡುತ್ತದೆ. ಇದೊಂದು ಅನಾಯಾಸವಾದ ರಕ್ಷಣೆ. ಆದರೆ ಭಾರತದಲ್ಲಿ ಈಗ ವ್ಯಾಪಕವಾಗಿ ಬಳಕೆಗೆ ಬಂದಿರುವ ಆರನೆಯ ಆವೃತ್ತಿಯ ವಿಳಾಸಕ್ರಮದಲ್ಲಿ, ಅಂದರೆ ಐಪಿವಿ6ರಲ್ಲಿ, ಪ್ರತಿಯೊಂದು ಯಂತ್ರಕ್ಕೂ ಸ್ವಂತ ವಿಳಾಸ ದೊರೆಯುವುದರಿಂದ ಈ ಅಡಗುತಾಣವು ಇಲ್ಲವಾಗುತ್ತದೆ. ರೂಟರಿನಲ್ಲಿ ಐಪಿವಿ6ರ ಫೈರ್‌ವಾಲು ಚಾಲೂ ಇದೆಯೇ ಎಂದು ಪ್ರತ್ಯೇಕವಾಗಿ ನೋಡಬೇಕಾದುದು ಈ ಕಾರಣಕ್ಕೆ. ಹೊಸ ರೂಟರು ಕೊಳ್ಳುವುದಾದರೆ ಅದರ ವೇಗಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ, ತಯಾರಕರು ಎಷ್ಟು ವರ್ಷ ಅದಕ್ಕೆ ಸುರಕ್ಷತಾ ತೇಪೆಗಳನ್ನು ಕೊಡುತ್ತಾರೆಂಬುದು. ಅಂಗಡಿಯವರು ಆಂಟೆನಾಗಳ ಸಂಖ್ಯೆಯನ್ನು ಹೇಳುತ್ತಾರೆಯೇ ಹೊರತು ಇದನ್ನು ಹೇಳುವುದಿಲ್ಲ.

ಮೂರನೆಯದಾಗಿ ವಾರ್ಷಿಕ ಚಂದಾ ಕೊಟ್ಟು ಪಡೆಯುವ ರಕ್ಷಣಾ ತಂತ್ರಾಂಶಗಳು. ಕ್ಯಾಲ್ಕ್ಯುಲೇಟರ್ ದುರಸ್ತಿಯಿಂದ ಆರಂಭಿಸಿದ ಕೈಲಾಸ ಕಾಟ್ಕರ್ ಅವರು ಸೋದರ ಸಂಜಯರೊಡನೆ ಕಟ್ಟಿದ ಕ್ವಿಕ್ ಹೀಲ್ ಸಂಸ್ಥೆಯು ಪುಣೆಯದೇ ಎಂಬುದು ಇಲ್ಲಿಯ ನಿವಾಸಿಗಳಿಗೆ ಅಭಿಮಾನದ ಸಂಗತಿ. ಇಂಥವುಗಳಲ್ಲಿ ಫೈರ್‌ವಾಲಿನ ಜೊತೆಗೆ ವೈರಸ್ ಶೋಧನೆ, ಮಕ್ಕಳ ಬಳಕೆಯ ನಿಯಂತ್ರಣ, ಮೋಸದ ತಾಣಗಳ ಎಚ್ಚರಿಕೆ ಇತ್ಯಾದಿಗಳೂ ಇರುತ್ತವೆ. ಅವು ಬೇಕಿದ್ದವರು ಕೊಳ್ಳಬಹುದು. ಕೇವಲ ಫೈರ್‌ವಾಲಿಗೋಸ್ಕರ ಕೊಳ್ಳುವುದು, ಗೋದ್ರೇಜ್ ಕಪಾಟಿನೊಳಗೆ ಇನ್ನೊಂದು ಗೋದ್ರೇಜ್ ಕಪಾಟು ಇಟ್ಟಂತೆ. ಒಂದೇ ಯಂತ್ರದಲ್ಲಿ ಎರಡು ಕಂಪನಿಗಳ ಫೈರ್‌ವಾಲುಗಳನ್ನು ಒಟ್ಟಿಗೆ ನಡೆಸುವುದಂತೂ ಸಲ್ಲದು. ಒಂದು ಬಿಟ್ಟುದನ್ನು ಇನ್ನೊಂದು ತಡೆಯುತ್ತದೆ, ಕೊನೆಗೆ ರೋಸಿಹೋದ ಮನೆಯವರು ಎರಡನ್ನೂ ಆರಿಸಿಬಿಡುತ್ತಾರೆ.

ಪಿಎಫ್‌ಸೆನ್ಸ್, ಓಪಿಎನ್‌ಸೆನ್ಸ್ ಮೊದಲಾದ ತಂತ್ರಾಂಶಗಳನ್ನು ಪ್ರತ್ಯೇಕ ಪುಟ್ಟ ಗಣಕದಲ್ಲಿ ಹಾಕಿ ಮನೆಯ ಬಾಗಿಲಲ್ಲಿ ನಿಲ್ಲಿಸುವ ನಾಲ್ಕನೆಯ ಮಾರ್ಗವೊಂದಿದೆ. ಹಿಂಜವಾಡಿಯಲ್ಲಿ ಇದರ ಹವ್ಯಾಸಿಗಳಿಗೆ ಕೊರತೆಯಿಲ್ಲ. ಮನೆಯಿಂದಲೇ ವ್ಯವಸಾಯ ನಡೆಸುವವರಿಗೆ, ಗಿರಾಕಿಗಳ ಕಾಗದಪತ್ರ ಇಟ್ಟುಕೊಂಡ ಲೆಕ್ಕಪರಿಶೋಧಕರಿಗೆ ಅದು ಯುಕ್ತವಾದೀತು. ಆದರೆ ಮಗನು ಆರು ತಿಂಗಳು ಪರದೇಶಕ್ಕೆ ಹೋದಾಗ ಅದು ಕೆಟ್ಟು ನಿಂತರೆ ಅಜ್ಜನವರು ಯಾರನ್ನು ಕರೆಯಬೇಕೆಂಬುದನ್ನು ಯೋಚಿಸಿ ಮುಂದುವರಿಯುವುದು ಒಳ್ಳೆಯದು. ಮೇಲೆ ಊಹಿಸಿದ ಮನೆಯಂತಹ ಸಾಮಾನ್ಯ ಗೃಹಸ್ಥರಿಗೆ ಮೊದಲೆರಡು ಗೋಡೆಗಳು, ಸರಿಯಾಗಿ ಇಟ್ಟುಕೊಂಡರೆ, ಧಾರಾಳವಾಗಿ ಸಾಕು.

ರೂಟರಿನೊಳಗೆ ಅರ್ಧ ಗಂಟೆ

ಸರಿಯಾಗಿ ಇಟ್ಟುಕೊಳ್ಳುವುದೆಂದರೇನು? ರೂಟರಿನ ತಳದಲ್ಲಿ ಅಂಟಿಸಿದ ಚೀಟಿಯಲ್ಲಿ ಅದರ ವಿಳಾಸವಿರುತ್ತದೆ, 192.168.1.1 ಎಂಬುದು ಬಹುವಾಗಿ ಕಂಡುಬರುವಂಥದು. ಅದನ್ನು ಬ್ರೌಸರಿನಲ್ಲಿ ಬರೆದು ಒಳಹೊಕ್ಕರೆ ಒಂದು ಭಾನುವಾರದ ಅರ್ಧ ಗಂಟೆಯಲ್ಲಿ ಮುಖ್ಯ ಕೆಲಸಗಳು ಮುಗಿಯುತ್ತವೆ. ಮೊತ್ತಮೊದಲು ಆಡಳಿತದ ಪಾಸ್‌ವರ್ಡನ್ನು ಬದಲಿಸಬೇಕು. ವೈ-ಫೈ ಪಾಸ್‌ವರ್ಡು ಬೇರೆ, ಇದು ಬೇರೆ. ಹಲವರು ಮೊದಲನೆಯದನ್ನು ಬದಲಿಸಿ ನಿಶ್ಚಿಂತರಾಗುತ್ತಾರೆ. ರೂಟರಿನ ತಂತ್ರಾಂಶಕ್ಕೆ ಹೊಸ ಆವೃತ್ತಿಯಿದ್ದರೆ ಹಾಕಿಕೊಳ್ಳಬೇಕು. ಹೊರಗಿನಿಂದ ರೂಟರನ್ನು ನಡೆಸುವ ‘ರಿಮೋಟ್ ಮ್ಯಾನೇಜ್‌ಮೆಂಟ್’ ಸೌಲಭ್ಯವನ್ನು ಮುಚ್ಚಬೇಕು. ವೈ-ಫೈಗೆ ಡಬ್ಲ್ಯುಪಿಎ3, ಅದಿಲ್ಲದಿದ್ದರೆ ಡಬ್ಲ್ಯುಪಿಎ2 ಬೀಗವನ್ನು ಆರಿಸಬೇಕು. ಗುಂಡಿಯೊತ್ತಿದರೆ ಜೋಡಣೆಯಾಗುವ ಡಬ್ಲ್ಯುಪಿಎಸ್ ಅನುಕೂಲವು ಬೇಡ.

ಎಲ್ಲಕ್ಕಿಂತ ಹೆಚ್ಚು ಜನರ ಗಮನಕ್ಕೆ ಬಾರದೆ ಉಳಿಯುವುದು ಯುಪಿಎನ್‌ಪಿ ಎಂಬುದು. ಇದು ಚಾಲೂ ಇದ್ದರೆ ಮನೆಯೊಳಗಿನ ಆಟದ ಯಂತ್ರವೋ ಕ್ಯಾಮರಾವೋ ಯಾರನ್ನೂ ಕೇಳದೆ ಗೋಡೆಯಲ್ಲಿ ತನಗೆ ಬೇಕಾದ ಕಿಂಡಿಯನ್ನು ತೆರೆಸಿಕೊಳ್ಳಬಲ್ಲುದು. ಚಿತ್ರದುರ್ಗದ ಏಳು ಸುತ್ತಿನ ಕೋಟೆಗೆ ಹೈದರಾಲಿಯ ಸೈನಿಕರು ಕಂಡುಕೊಂಡ ದಾರಿ ಒಂದು ಕಿಂಡಿಯೆಂಬ ಕಥೆಯನ್ನು ಕೇಳದ ಕನ್ನಡಿಗರಿಲ್ಲ. ಅಂದು ಒನಕೆ ಹಿಡಿದ ಓಬವ್ವ ಅಲ್ಲಿದ್ದಳು. ಮನೆಯ ರೂಟರಿನ ಬಳಿ ಯಾರೂ ನಿಂತಿರುವುದಿಲ್ಲ. ಆದುದರಿಂದ ಯುಪಿಎನ್‌ಪಿಯನ್ನು ಆರಿಸಿ, ‘ಪೋರ್ಟ್ ಫಾರ್ವರ್ಡಿಂಗ್’ ಎಂಬ ಪಟ್ಟಿಯು ಖಾಲಿಯಿದೆಯೇ ನೋಡಬೇಕು. ಮೊಮ್ಮಗನ ಆಟಕ್ಕೆ ಅಡ್ಡಿಯಾಯಿತೆಂದು ದೂರು ಬಂದರೆ ಅವನ ಒಂದು ಯಂತ್ರಕ್ಕೆ ಬೇಕಾದ ಒಂದು ಪೋರ್ಟನ್ನು ತಿಳಿದು ತೆರೆಯಬಹುದು. ತಿಳಿಯದೆ ತೆರೆದಿರುವುದೇ ಅಪಾಯ.

ಕೊನೆಗೆ ಕ್ಯಾಮರಾ, ಟೀವಿ, ಆಟದ ಯಂತ್ರಗಳನ್ನು ‘ಗೆಸ್ಟ್’ ಜಾಲಕ್ಕೆ ಸ್ಥಳಾಂತರಿಸುವುದು. ಬಂದ ಅತಿಥಿಗಳಿಗೆ ಹಜಾರದವರೆಗೆ ಮಾತ್ರ ಪ್ರವೇಶವಿರುವಂತೆ, ಈ ಜಾಲದವುಗಳಿಗೆ ಅಂತರಜಾಲ ದೊರೆಯುತ್ತದೆಯೇ ಹೊರತು ಒಳಮನೆಯ ಗಣಕಗಳು ಕಾಣುವುದಿಲ್ಲ. ಕಂಪನಿಯ ಲ್ಯಾಪ್‌ಟಾಪಿನ ಸೆಟ್ಟಿಂಗುಗಳಿಗೆ ಮಾತ್ರ ಕೈಹಾಕಕೂಡದು. ಅದು ಕಂಪನಿಯ ಆಸ್ತಿ, ಅದರ ಕಾವಲು ಕಂಪನಿಯವರದು. ಅಜ್ಜನವರ ಹಳೆಯ ಗಣಕದಲ್ಲಿ ವಿಂಡೋಸ್ 10 ಇದ್ದರೆ, ಅದಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ಕ್ಕೆ ಮುಗಿದಿದೆಯೆಂಬುದನ್ನು ಮರೆಯಬಾರದು. ತೇಪೆ ಸಿಗದ ಯಂತ್ರದಲ್ಲಿ ಠೇವಣಿಯ ಲೆಕ್ಕ ನೋಡುವುದಕ್ಕಿಂತ ಅದನ್ನು ಬದಲಿಸುವ ಖರ್ಚೇ ಕಡಿಮೆ. ಯಂತ್ರಕ್ಕೆ ಈಗಾಗಲೇ ಸೋಂಕು ತಗಲಿದೆಯೆಂಬ ಶಂಕೆಯಿದ್ದವರಿಗೆ ಕೇಂದ್ರ ಸರ್ಕಾರವು 2017ರಲ್ಲಿ ಆರಂಭಿಸಿದ ಸೈಬರ್ ಸ್ವಚ್ಛತಾ ಕೇಂದ್ರದ ಜಾಲತಾಣದಲ್ಲಿ ಉಚಿತ ಶುದ್ಧೀಕರಣ ಸಾಧನಗಳು ದೊರೆಯುತ್ತವೆ.

ಒಳಗಿನಿಂದ ತೆರೆಯುವ ಬಾಗಿಲು

ಪುಣೆಯ ಶನಿವಾರವಾಡಾವನ್ನು ನೋಡಿದವರಿಗೆ ಅದರ ದಿಲ್ಲಿ ದರವಾಜಾದ ಕಬ್ಬಿಣದ ಮೊಳೆಗಳು ನೆನಪಿನಲ್ಲಿರುತ್ತವೆ. ಆನೆಗಳು ಹಾಯ್ದು ಮುರಿಯದಿರಲೆಂದು ಅವುಗಳನ್ನು ಬಡಿದದ್ದು. ಆದರೆ 1773ರ ಆಗಸ್ಟ್ 30ರಂದು ಪೇಶ್ವೆ ನಾರಾಯಣರಾಯರನ್ನು ಆ ಅರಮನೆಯೊಳಗೇ ಕೊಂದವರು ಪೇಶ್ವೆಯರ ಸಂಬಳವುಂಡ ಗಾರ್ದಿಗಳು. 1828ರಲ್ಲಿ ಒಳಗಿನ ಮರದ ಮಹಲುಗಳನ್ನು ಬೆಂಕಿಯು ಆಹುತಿ ತೆಗೆದುಕೊಂಡಾಗಲೂ ಹೊರಗಿನ ಕಲ್ಲಿನ ಕೋಟೆಯು ಅಲುಗದೆ ನಿಂತಿತ್ತು, ಇಂದಿಗೂ ನಿಂತಿದೆ.

ಅದೇ ಪುಣೆಯ ಕಾಸ್ಮಾಸ್ ಸಹಕಾರಿ ಬ್ಯಾಂಕಿನಿಂದ 2018ರ ಆಗಸ್ಟ್ 11 ಮತ್ತು 13ರಂದು ಸುಮಾರು 94 ಕೋಟಿ ರೂಪಾಯಿಗಳು ಅಪಹೃತವಾದವು. ಎಟಿಎಂಗಳಿಂದ ಬಂದ ಕೋರಿಕೆಗಳಿಗೆ ಬ್ಯಾಂಕಿನ ವ್ಯವಸ್ಥೆಯ ಬದಲು ಕಳ್ಳರು ನಿಲ್ಲಿಸಿದ ನಕಲಿ ವ್ಯವಸ್ಥೆಯೇ ‘ಆಗಬಹುದು’ ಎಂದು ಉತ್ತರ ಕೊಡುತ್ತಿತ್ತು. 28 ದೇಶಗಳಲ್ಲಿ ನಕಲಿ ಕಾರ್ಡುಗಳಿಂದ ಹಣ ತೆಗೆಯಲಾಯಿತು. ಬ್ಯಾಂಕಿನ ಗೋಡೆಗಳ ನಡುವೆ ಅಧಿಕಾರಿಯ ವೇಷದಲ್ಲಿ ಕಳ್ಳನು ಕುಳಿತಿದ್ದಂತೆ ಇದು.

ಮನೆಯ ಮಟ್ಟಿಗೆ ಈ ವೇಷವು ಇನ್ನೂ ಸರಳ. ಬ್ಯಾಂಕಿನವರೆಂದು ಹೇಳಿಕೊಂಡು ಒಬ್ಬನು ಫೋನು ಮಾಡುತ್ತಾನೆ. ಕೆವೈಸಿ ಮುಗಿದಿದೆಯೆಂದು ಹೆದರಿಸಿ ಪರದೆ ಹಂಚಿಕೊಳ್ಳುವ ತಂತ್ರಾಂಶವೊಂದನ್ನು ಹಾಕಿಸುತ್ತಾನೆ. ಇಲ್ಲವೇ ಮದುವೆಯ ಕರೆಯೋಲೆಯೆಂಬ ಹೆಸರಿನ ಕಡತವೊಂದು ವಾಟ್ಸ್ಯಾಪಿಗೆ ಬರುತ್ತದೆ. ಅಜ್ಜನವರು ತಮ್ಮ ಕೈಯಾರೆ ಅದನ್ನು ಒತ್ತಿದೊಡನೆ ಸಂಪರ್ಕವು ಒಳಗಿನಿಂದ ಹೊರಕ್ಕೆ ಹೋಗುತ್ತದೆ. ಫೈರ್‌ವಾಲಿನ ದೃಷ್ಟಿಯಲ್ಲಿ ಇದು ಟೋಕನ್ ಪಡೆದ ಗಿರಾಕಿ. ಅದು ಗೌರವದಿಂದ ಬಾಗಿಲು ತೆರೆಯುತ್ತದೆ. ಇಲ್ಲಿ ಅತ್ಯಂತ ಬೆಲೆಬಾಳುವ ಯಂತ್ರವೂ ಉಪಯೋಗಕ್ಕೆ ಬಾರದು.

ಇದಕ್ಕೆ ಉಪಾಯವೆಂದರೆ ಮನೆಯೊಳಗಿನ ಮಾತುಕತೆ. ಇಂಥ ಕರೆ ಬಂದರೆ ಇಟ್ಟುಬಿಡಿ, ಆಮೇಲೆ ಪಾಸ್‌ಬುಕ್ಕಿನಲ್ಲಿರುವ ಶಾಖೆಯ ಸಂಖ್ಯೆಗೆ ನೀವೇ ಫೋನು ಮಾಡಿ ಎಂದು ಹಿರಿಯರಿಗೆ ಒಮ್ಮೆ ಸಮಾಧಾನದಿಂದ ಹೇಳಿದರೆ ಸಾಕು. ಮೋಸಹೋದ ಮೇಲೆ ಮಗ ಬಯ್ದಾನೆಂಬ ಅಂಜಿಕೆಯಿಂದ ಎರಡು ದಿನ ಮುಚ್ಚಿಟ್ಟವರ ನಷ್ಟವು ಹೆಚ್ಚಾಗುವುದು ಬ್ಯಾಂಕಿನವರು ಬಲ್ಲ ಸಂಗತಿ. ಅಂಜಿಕೆಯ ಆ ಎರಡು ದಿನಗಳ ಬೆಲೆ ಏನೆಂಬುದು ರಿಸರ್ವ್ ಬ್ಯಾಂಕು 2017ರ ಜುಲೈ 6ರಂದು ಹೊರಡಿಸಿದ ಸುತ್ತೋಲೆಯಿಂದ ತಿಳಿಯುತ್ತದೆ. ಬ್ಯಾಂಕಿನದೂ ಗಿರಾಕಿಯದೂ ತಪ್ಪಿಲ್ಲದೆ ಮೂರನೆಯ ಕಡೆಯಿಂದ ನಷ್ಟವಾಗಿದ್ದು, ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ಗಿರಾಕಿಗೆ ಹೊಣೆಯಿಲ್ಲವೆಂದು ಅದು ವಿಧಿಸಿತು. ಗುಪ್ತಸಂಖ್ಯೆಯನ್ನು ಗಿರಾಕಿಯೇ ಕೊಟ್ಟಿದ್ದರೆ, ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟವೆಲ್ಲ ಅವನದು; ತಿಳಿಸಿದ ಅನಂತರದ್ದು ಬ್ಯಾಂಕಿನದು. ಹೀಗಾಗಿ ಬ್ಯಾಂಕಿಗೂ, 1930 ಎಂಬ ರಾಷ್ಟ್ರೀಯ ಸಹಾಯವಾಣಿಗೂ ಫೋನು ಮಾಡುವುದಕ್ಕೆ ಮಗನು ಕಚೇರಿಯಿಂದ ಬರಲೆಂದು ಕಾಯಕೂಡದು.

ಹಿಂಜವಾಡಿಯಂತಹ ಊರಿಗೆ ವಿಶೇಷವಾಗಿ ಅನ್ವಯಿಸುವ ಇನ್ನೊಂದು ಸಂಗತಿಯಿದೆ. ಇಲ್ಲಿ ಬಾಡಿಗೆ ಕರಾರುಗಳು ಹನ್ನೊಂದು ತಿಂಗಳವು. ಮನೆಗಳು ಮೇಲಿಂದ ಮೇಲೆ ಬದಲಾಗುತ್ತವೆ. ಬಿಟ್ಟುಹೋಗುವ ಮನೆಯಲ್ಲಿ ರೂಟರನ್ನು ಉಳಿಸಿಹೋಗುವುದಿದ್ದರೆ, ಹಿಂಬದಿಯ ಸಣ್ಣ ರಂಧ್ರಕ್ಕೆ ಗುಂಡುಸೂಜಿ ಚುಚ್ಚಿ ಹತ್ತು ಸೆಕೆಂಡುಗಳ ಕಾಲ ಒತ್ತಿಹಿಡಿದರೆ ಹಳೆಯ ಗುರುತುಗಳೆಲ್ಲ ಅಳಿಸಿಹೋಗುತ್ತವೆ. ಹೊಸ ಮನೆಯಲ್ಲಿ ಹಿಂದಿನವರ ರೂಟರು ಇದ್ದರೂ ಇದನ್ನೇ ಮಾಡಿ, ಜೋಡಿಸಲು ಬಂದ ಹುಡುಗನು ಚಹಾ ಕುಡಿದು ಹೊರಡುವ ಮುನ್ನವೇ ಅವನೆದುರಿಗೆ ‘ಅಡ್ಮಿನ್’ ಎಂಬುದನ್ನು ಬದಲಿಸಿ, ಹೊಸ ಪಾಸ್‌ವರ್ಡನ್ನು ಅವನು ಹೋದ ಮೇಲೆ ಇನ್ನೊಮ್ಮೆ ಬದಲಿಸಿ, ಕಾಗದದಲ್ಲಿ ಬರೆದು ಠೇವಣಿ ರಸೀತಿಗಳಿರುವ ಪೆಟ್ಟಿಗೆಯಲ್ಲಿ ಇಡತಕ್ಕದ್ದು.